ವಾರಂಟಿ ಮುಗಿದು ಹನ್ನೊಂದು ದಿನ

ಮಾರ್ಚ್ 3, ಮಂಗಳವಾರ

ಕಾರಿನಲ್ಲಿ ಒಂದು ಕೆಂಪು ದೀಪ ಹತ್ತಿದೆ. ದೀಪದೊಳಗೆ ಒಬ್ಬ ಮನುಷ್ಯ ಬೆಲ್ಟ್ ಕಟ್ಟಿಕೊಂಡು ಕೂತಿದ್ದಾನೆ. ಅವನ ಎದೆಗೆ ಆನಿಕೊಂಡು ಒಂದು ದೊಡ್ಡ ಚೆಂಡು. ಊಟ ಹೆಚ್ಚಾಗಿ ಒರಗಿದವನ ಹಾಗೆ ಕಾಣುತ್ತಾನೆ. ಕಾರಿನ ಪುಸ್ತಕ ತೆಗೆದು ನೋಡಿದೆ. ಏರ್‌ಬ್ಯಾಗಿನ ದೀಪವಂತೆ. 'ಕೂಡಲೇ ಅಧಿಕೃತ ಡೀಲರನ್ನು ಕಾಣಿರಿ' ಎಂದು ಬರೆದಿದೆ. ನಾನೂರು ಪುಟದ ಪುಸ್ತಕ, ಯಾವ ಪುಟ ತೆರೆದರೂ ಕೊನೆಗೆ ಅದೇ ಮಾತು. ಒಂದು ಚೀಟಿಯಲ್ಲಿ ಬರೆದು ಮುಗಿಸಬಹುದಿತ್ತು.

ಇವರು ಹೋಗಿ ಎಪ್ಪತ್ತೆಂಟು ದಿನದ ಮೇಲೆ ಇವತ್ತು ಮೊದಲ ಸಲ ಮಾಲು ಸಾಗಿಸಿದೆ. ಆಸ್ಪತ್ರೆಗಳಿಗೆ ಪರದೆ ಹೊಲಿಯುವುದು ನಮ್ಮ ಕಸುಬು. ಹಾಸಿಗೆಯ ಸುತ್ತ ಎಳೆಯುತ್ತಾರಲ್ಲ, ಆ ಪರದೆ. ಹೊಲಿಯುವುದು ನಾನು, ಸಾಗಿಸಿ ನೇತುಹಾಕುವುದು ಇವರು ಎಂದು ಇಪ್ಪತ್ತಾರು ವರ್ಷ ನಡೆಯಿತು. ಈಗ ಎರಡೂ ನಾನೇ. ಹಿಂದಿನ ಸೀಟನ್ನು ಏಣಿ, ಸರಳುಗಳೇ ತಿನ್ನುತ್ತವೆ. ಪರದೆಯ ಕಟ್ಟನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಕಟ್ಟಿದೆ. ಕಟ್ಟದಿದ್ದರೆ ಕಾರು ಕೀಂಗುಟ್ಟುತ್ತದೆ. ಹತ್ತಿ ಬಟ್ಟೆಯ ಜೀವದ ಮೇಲೆ ಅದಕ್ಕೆ ಬಹಳ ಕಾಳಜಿ.

ಕಾರಿನ ವಾರಂಟಿ ಮುಗಿದದ್ದು ಫೆಬ್ರವರಿ ಇಪ್ಪತ್ತಕ್ಕೆ. ಇವತ್ತಿಗೆ ಹನ್ನೊಂದು ದಿನ. ಇವರಿಗೆ ಎಷ್ಟು ವರ್ಷದ ವಾರಂಟಿ ಇತ್ತೋ, ಕೊಟ್ಟವರು ಕಾರ್ಡು ಕೊಟ್ಟಿರಲಿಲ್ಲ.

ಮೂವತ್ತೊಂದರೊಳಗೆ ವಾಹನ ತಪಾಸಣೆ ಮುಗಿಸಬೇಕು. ಈಗೀಗ ಕಾರಿನ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ, ಯಾವತ್ತು ಯಾವ ದೀಪ ಹತ್ತಿತ್ತು ಅನ್ನುವುದನ್ನೂ ಓದುತ್ತಾರಂತೆ. ಫೇಲಾದರೆ ಕಾರು ರಸ್ತೆಗಿಳಿಯುವಂತಿಲ್ಲ. ಕಾರಿಲ್ಲದೆ ಆಸ್ಪತ್ರೆ ಕೆಲಸವಿಲ್ಲ. ಏಣಿ ಹೊತ್ತುಕೊಂಡು ಬಸ್ಸು ಹತ್ತಲು ನನಗೆ ಐವತ್ಮೂರು ವರ್ಷ.

ಮಾರ್ಚ್ 4, ಬುಧವಾರ

ನಾದಿನಿಯ ಫೋನು.

"ಅತ್ತಿಗೆ, ಅದನ್ನ ಮಾರ್ಬಿಡಿ ಅಂತ ಅವತ್ತೇ ಅಂದ್ನಲ್ಲ. ಅಣ್ಣ ಇದ್ದಾಗ್ಲೇ ಅದು ಅರೆಜೀವ."

"ನೋಡೋಣ."

"ನೋಡೋಕೇನಿದೆ? ಕಾರು ಮಾರಿ, ಮೆಷಿನ್ ಮಾರಿ, ನಮ್ಮನೆಗೆ ಬಂದ್ಬಿಡಿ. ಮೇಲಿನ ರೂಮು ಖಾಲಿ ಬಿದ್ದಿದೆ. ನಿಮ್ದೇನು, ಮಾತಿಲ್ಲ ಕತೆಯಿಲ್ಲ. ಮೂಲೇಲಿ ಕೂತಿದ್ರೆ ಯಾರಿಗೂ ಭಾರ ಅಲ್ಲ."

ಪ್ರೀತಿಯಿಂದಲೇ ಹೇಳಿದಳು. ಮೂಲೆಯಲ್ಲಿಟ್ಟ ಛತ್ರಿಯೂ ಯಾರಿಗೂ ಭಾರವಲ್ಲ. ಆ ಖಾಲಿ ರೂಮನ್ನು ನಾನು ನೋಡಿದ್ದೇನೆ. ಇಸ್ತ್ರಿಗೆ ಕಾದ ಬಟ್ಟೆಯ ರಾಶಿ ಒಂದು, ಯಾರೂ ತುಳಿಯದ ವ್ಯಾಯಾಮದ ಸೈಕಲ್ಲು ಒಂದು. ನಾನು ಮೂರನೆಯದು.

ಮಾರ್ಚ್ 5, ಗುರುವಾರ

ಡೀಲರನ ಕಟ್ಟಡಕ್ಕೆ ಮುಂದೆ ಮದುವೆಮನೆಯ ಮುಖ, ಹಿಂದೆ ಆಸ್ಪತ್ರೆಯ ಮುಖ. ಹೊಸ ಕಾರು ಕೊಳ್ಳುವವರಿಗೆ ಸೋಫಾ, ಕೊಂಡು ಕೆಟ್ಟವರಿಗೆ ಪ್ಲಾಸ್ಟಿಕ್ ಕುರ್ಚಿ. ದೂರು ಕೇಳಲು ಬಂದವನು ನಲವತ್ತರ ಹತ್ತಿರದವನು, ಟೈ ಹಾಕಿದ್ದ. ನಾನು ಬಟ್ಟೆಯವಳು, ನೋಡಿದ ಕೂಡಲೇ ತಿಳಿಯಿತು: ಕಟ್ಟಿದ ಟೈ ಅಲ್ಲ, ಕ್ಲಿಪ್ಪಿನಿಂದ ಸಿಕ್ಕಿಸಿದ್ದು.

"ಏನ್ ಪ್ರಾಬ್ಲಂ ಮೇಡಂ?"

"ಕೆಂಪು ದೀಪ."

ಕಾರು ಸ್ಟಾರ್ಟ್ ಮಾಡಿದ. ಎಲ್ಲ ದೀಪಗಳೂ ಒಮ್ಮೆ ಹತ್ತಿ ಸಭ್ಯರ ಹಾಗೆ ಆರಿದವು. "ಇಲ್ವಲ್ಲ?"

"ಮಂಗಳವಾರ ಇತ್ತು."

"ಮಂಗಳವಾರದ್ದನ್ನ ಗುರುವಾರ ಹೇಗ್ ತೋರಿಸ್ಲಿ ಮೇಡಂ?"

ಕಂಪ್ಯೂಟರ್ ಸಿಕ್ಕಿಸಿದರು. ಅವನು ವಾರಂಟಿಯ ತಾರೀಖು ನೋಡಿ "ಅಯ್ಯೋ" ಅಂದ. ಆ ಅಯ್ಯೋ ಎಷ್ಟು ಚೆನ್ನಾಗಿತ್ತೆಂದರೆ, ಡಿಸೆಂಬರಿನಲ್ಲಿ ನಮ್ಮ ಮನೆಗೆ ಬಂದವರಲ್ಲಿ ಅಷ್ಟು ಚೆನ್ನಾಗಿ ಯಾರೂ ಅಂದಿರಲಿಲ್ಲ.

"ಏರ್‌ಬ್ಯಾಗಿನ ಕಂಟ್ರೋಲ್ ಬಾಕ್ಸ್ ಹೋಗಿರ್ಬಹುದು. ಹೋಗಿಲ್ದೇನೂ ಇರ್ಬಹುದು. ಹೊಸದು ಹಾಕಿ ನೋಡಿದ್ರೆ ಗೊತ್ತಾಗುತ್ತೆ."

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ. ನನಗೆ ಹೇಳಬೇಕೆನಿಸಿದ್ದು: ಅಳತೆ ತೆಗೆಯದೆ ಬಟ್ಟೆ ಕತ್ತರಿಸಿ, ಗಿಡ್ಡವಾದರೆ ಕಿಟಕಿ ಉದ್ದವಿತ್ತು ಎಂದು ತಿಳಿದುಕೊಳ್ಳುವ ದರ್ಜಿ ನೀನು. ಹೇಳಿದ್ದು: "ಸರಿ."

ಮಾರ್ಚ್ 10, ಮಂಗಳವಾರ

ಪೆಟ್ಟಿಗೆ ಬದಲಾಯಿತು. ಬಿಲ್ಲಿನ ಕಡೆ ಹೆಚ್ಚು ಹೊತ್ತು ನೋಡಲಿಲ್ಲ, ಕಣ್ಣಿಗೆ ಒಳ್ಳೆಯದಲ್ಲ. ಹೊರಡುವಾಗ ಟೈ ಓಡಿ ಬಂದ.

"ಮೇಡಂ, ಕಂಪ್ನಿಯಿಂದ ಫೋನ್ ಬರುತ್ತೆ. ಹತ್ತಕ್ಕೆ ಹತ್ತು ಅಂದ್ಬಿಡಿ. ಒಂಬತ್ತು ಅಂದ್ರೂ ನಮ್ಗೆ ಬೈತಾರೆ."

ಫೋನು ಬಂತು. ಹತ್ತು ಅಂದೆ. ನಲವತ್ತು ನಿಮಿಷದ ನಂತರ ಇನ್ನೊಂದು ಫೋನು: ಹತ್ತು ಕೊಟ್ಟದ್ದಕ್ಕೆ ವಂದನೆ, ಆ ವಂದನೆ ಹೇಗಿತ್ತು, ಹತ್ತಕ್ಕೆ ಎಷ್ಟು? ಅದಕ್ಕೂ ಹತ್ತು ಅಂದೆ. ಇವರು ಇದ್ದಿದ್ದರೆ ಆ ಫೋನಿನ ಹುಡುಗಿಯನ್ನು ನಗಿಸಿ, ನಗಿಸಿ, ಅವಳ ಮನೆಯ ಕಷ್ಟವನ್ನೆಲ್ಲ ಕೇಳಿಕೊಂಡು ಫೋನಿಡುತ್ತಿದ್ದರು. ಇಡೀ ಊರು ನಗುವುದಕ್ಕೇ ಹುಟ್ಟಿದೆ ಅಂದುಕೊಂಡಿದ್ದವರು ಇವರು.

ಮಾರ್ಚ್ 13, ಶುಕ್ರವಾರ

ದೊಡ್ಡಾಸ್ಪತ್ರೆಗೆ ಎಂಟು ಪರದೆ. ಕಟ್ಟನ್ನು ಪಕ್ಕದಲ್ಲಿ ಕೂರಿಸಿ ಹೊರಟೆ. ಮೊದಲ ಉಬ್ಬು ದಾಟುವಷ್ಟರಲ್ಲಿ ಚೆಂಡಿನವನು ಹಾಜರು. ಹೊಸ ಪೆಟ್ಟಿಗೆ ಅವನಿಗೆ ಒಗ್ಗಿದೆ, ಮೊದಲಿಗಿಂತ ಕೆಂಪಗಿದ್ದಾನೆ.

ಎರಡನೆಯ ಮಹಡಿಯ ವಾರ್ಡಿನಲ್ಲಿ ಏಣಿ ಹಾಕಿದೆ. ಹನ್ನೊಂದನೆಯ ಹಾಸಿಗೆಯ ಪರದೆ ಬದಲಿಸುವುದಿರಲಿಲ್ಲ, ಅದು ಇನ್ನೂ ಗಟ್ಟಿಯಿದೆ. ಡಿಸೆಂಬರಿನಲ್ಲಿ ಇವರ ಸುತ್ತ ಆ ಪರದೆಯನ್ನು ಸರ್ರನೆ ಎಳೆದು ನನ್ನನ್ನು ಹೊರಗೆ ನಿಲ್ಲಿಸಿದ್ದರು. ಹೊರಗಿನಿಂದ ನೋಡುತ್ತ ನಿಂತಿದ್ದೆ. ಅಂಚಿನ ಹೊಲಿಗೆ ನನ್ನದೇ, ಎಲ್ಲೂ ಬಿಟ್ಟಿರಲಿಲ್ಲ. ನಮ್ಮ ಕೆಲಸಕ್ಕೆ ವಾರಂಟಿ ಕೇಳುವವರಿಲ್ಲ, ಆದರೆ ಬಾಳುತ್ತದೆ.

ಮಾರ್ಚ್ 16, ಸೋಮವಾರ

ಮತ್ತೆ ಪ್ಲಾಸ್ಟಿಕ್ ಕುರ್ಚಿ. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ದೀಪ ಇಲ್ಲ. ಈ ಕಾರಿಗೆ ಡೀಲರನ ಗೇಟು ಕಂಡರೆ ಎಲ್ಲ ಕಾಯಿಲೆಯೂ ವಾಸಿ. ಕಂಪ್ಯೂಟರಿನಲ್ಲಿ ಮಾತ್ರ ಶುಕ್ರವಾರದ ತಪ್ಪು ಅಚ್ಚಾಗಿತ್ತು.

"ಹಾಗಾದ್ರೆ ಬಾಕ್ಸ್ ಅಲ್ಲ ಮೇಡಂ." ಕಂಡುಹಿಡಿದವನ ಸಂತೋಷ ಅವನ ಮುಖದಲ್ಲಿ. "ಏರ್‌ಬ್ಯಾಗೇ ಬದಲಾಯಿಸಬೇಕಾಗ್ಬಹುದು. ಅದರ ಬದಲು ಎಕ್ಸ್‌ಚೇಂಜ್ ಯಾಕೆ ಮಾಡ್ಬಾರ್ದು? ಹೊಸದಕ್ಕೆ ಐದು ವರ್ಷ ವಾರಂಟಿ."

"ಯೋಚಿಸ್ತೀನಿ," ಅಂದೆ.

ಪಕ್ಕದ ಕುರ್ಚಿಯಲ್ಲಿ ದಪ್ಪ ಕನ್ನಡಕದ ಒಬ್ಬರು ನಿವೃತ್ತ ಮೇಷ್ಟ್ರು ಕೂತಿದ್ದರು. ಅವರ ಕಾರಿನ ಕ್ಲಚ್ಚಿಗೆ ಇದು ಎಂಟನೇ ಭೇಟಿಯಂತೆ. ಮನೆಯಿಂದ ದಿಂಬು ತಂದಿದ್ದರು. ಟೈ ಅತ್ತ ಹೋಗುವುದನ್ನೇ ಕಾದು ನನ್ನತ್ತ ವಾಲಿದರು.

"ಏನಮ್ಮ, ವಾರಂಟಿ ಇದ್ದಾಗ ಈ ದೀಪದ ಬಗ್ಗೆ ದೂರು ಕೊಟ್ಟಿದ್ರಾ?"

"ನಾನು ಕೊಟ್ಟಿಲ್ಲ. ಇವರು ಏನಾದ್ರೂ ಕೊಟ್ಟಿದ್ರೋ ಏನೋ."

"ಕೇಳಿ ಅವರನ್ನ."

ಆಗಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರಿಗೆ ಅರ್ಥವಾಯಿತು. ದಿಂಬನ್ನು ಸರಿಮಾಡಿಕೊಂಡು ಮೆಲ್ಲಗೆ ಅಂದರು: "ಹಾಗಾದ್ರೆ ಈ ಡೀಲರನ ಹತ್ರಾನೇ ಹಳೇ ಜಾಬ್ ಕಾರ್ಡ್ ಕೇಳಿ. ಬಂದವರು ಹೇಳಿದ ದೂರನ್ನ ಅವರ ಮಾತಲ್ಲೇ ಬರ್ಕೋಬೇಕು ಅಂತ ಇವರಲ್ಲಿ ನಿಯಮ ಇದೆ. ವಾರಂಟಿ ಒಳಗೆ ದಾಖಲಾದ ರೋಗಕ್ಕೆ ವಾರಂಟಿ ಮುಗಿದ್ರೂ ಅವರೇ ಮದ್ದು ಕೊಡ್ಬೇಕು. ನಾನು ಆ ಷರತ್ತಿನ ಹಾಳೆ ಪೂರ್ತಿ ಓದಿದೀನಿ. ನನಗೇನು, ಇಲ್ಲಿ ಟೈಮಿಗೆ ಬರವೇ?"

ಮಾರ್ಚ್ 18, ಬುಧವಾರ

ಮನೆಯಲ್ಲಿ ಒಂದು ಕಾಗದವೂ ಸಿಗಲಿಲ್ಲ. ಇವರು ಕಾಗದ ಇಟ್ಟುಕೊಳ್ಳುವ ಜಾತಿಯಲ್ಲ. ಡೀಲರನಲ್ಲಿಗೆ ಹೋಗಿ ಟೈನ ಹತ್ತಿರ ಕೇಳಿದೆ.

"ಹಳೇ ಜಾಬ್ ಕಾರ್ಡ್ ಕೊಡೋಕಾಗಲ್ಲ ಮೇಡಂ. ಅದು ಆಫೀಸ್ ರೆಕಾರ್ಡ್."

"ಕಾರು ನಮ್ದು, ಕಾಯಿಲೆ ನಮ್ದು, ದುಡ್ಡೂ ನಮ್ದು. ರೆಕಾರ್ಡ್ ಮಾತ್ರ ನಿಮ್ದಾ?"

ಇದನ್ನು ನಾನು ಬಾಯಿಬಿಟ್ಟು ಹೇಳಿಬಿಟ್ಟೆ. ಶುಕ್ರವಾರ ಬನ್ನಿ ಅಂದ.

ಮಾರ್ಚ್ 20, ಶುಕ್ರವಾರ

ಮೂರು ಹಾಳೆ ಕೊಟ್ಟರು. ಕಳೆದ ವರ್ಷದವು: ಜೂನ್, ಆಗಸ್ಟ್, ಅಕ್ಟೋಬರ್. ಮೂರು ಸಲವೂ ಇವರು ಕಾರು ತೊಳೆಸಿಕೊಂಡು ಬರುತ್ತೇನೆಂದು ಹೋಗಿದ್ದರು. 'ಗ್ರಾಹಕರ ಮಾತಿನಲ್ಲಿ ದೂರು' ಎಂದು ಒಂದು ಚೌಕವಿದೆ. ಅದರೊಳಗಿದ್ದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ.

ಜೂನ್: ಹೆಂಡತಿ ಪಕ್ಕದಲ್ಲಿ ಕೂತರೆ ಕೆಂಪು ದೀಪ ಹತ್ತುತ್ತದೆ. ಕಾರಿಗೂ ಅವಳೆಂದರೆ ಹೆದರಿಕೆ.

ಆಗಸ್ಟ್: ಹೆಂಡತಿ ಇಳಿದರೆ ದೀಪ ಆರುತ್ತದೆ. ಯಾವುದನ್ನು ಬದಲಿಸಬೇಕು ತಿಳಿಸಿ.

ಅಕ್ಟೋಬರ್: ಹೆಂಡತಿಯೂ ಅದೇ, ದೀಪವೂ ಅದೇ. ಒಂದನ್ನಾದರೂ ಸರಿಮಾಡಿ ಪುಣ್ಯ ಕಟ್ಟಿಕೊಳ್ಳಿ.

ಮೂರರ ಕೆಳಗೂ ಒಂದೇ ಸಾಲು: ಓಡಿಸಿ ನೋಡಲಾಯಿತು, ದೋಷ ಕಂಡುಬಂದಿಲ್ಲ. ಅಕ್ಟೋಬರಿನದರ ಕೆಳಗೆ ಇನ್ನೊಂದು ಸಾಲು: ಗ್ರಾಹಕರು ತಮಾಷೆಯ ಸ್ವಭಾವದವರು.

ಓಡಿಸಿ ನೋಡಿದವನು ಒಬ್ಬನೇ ಓಡಿಸಿದ್ದಾನೆ. ಪಕ್ಕದಲ್ಲಿ ಯಾರೂ ಕೂತಿಲ್ಲ. ಹೆಂಡತಿಯ ತೂಕಕ್ಕೆ ಹತ್ತುವ ದೀಪ ಪರದೆಯ ಕಟ್ಟಿನ ತೂಕಕ್ಕೂ ಹತ್ತುತ್ತದೆ. ಖಾಲಿ ಸೀಟಿಗೆ ಹತ್ತುವುದಿಲ್ಲ. ಇಷ್ಟೇ.

ನನಗೂ ಹೇಳಿದ್ದರು. "ನೋಡು, ನೀನು ಕೂತೆ, ಹತ್ತಿತು." ಎಷ್ಟು ಸಲ ಹೇಳಿದ್ದರೋ. ನಾನು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಇವರದು ಇದ್ದದ್ದೇ ಅಂತ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ.

ನವೆಂಬರಿನಲ್ಲಿ ಡಾಕ್ಟರ ಹತ್ತಿರ ಹೋಗಿದ್ದೆವು. "ಎದೆ ಹಿಡ್ಕೊಂಡ ಹಾಗಾಗುತ್ತೆ ಡಾಕ್ಟ್ರೇ. ಇವಳು ಬಾಯಿ ತೆಗೆದಾಗ ಮಾತ್ರ." ದಿನಕ್ಕೆ ನಾಲ್ಕು ಮಾತಾಡದವಳ ಮೇಲೆ ಆ ಮಾತು. ಡಾಕ್ಟರು ನಕ್ಕರು. ಗ್ಯಾಸ್ ಎಂದು ಬರೆದರು. ನಾನೂ ನಕ್ಕೆ.

ಮಾರ್ಚ್ 21, ಶನಿವಾರ

ಹೊಲಿಯಲಿಲ್ಲ.

ಮಾರ್ಚ್ 24, ಮಂಗಳವಾರ

ಹಾಳೆಗಳನ್ನು ಟೈನ ಮೇಜಿನ ಮೇಲಿಟ್ಟು ಅಂದೆ: "ಇವತ್ತು ನೀವು ಓಡಿಸಿ. ನಾನು ಪಕ್ಕದಲ್ಲಿ ಕೂತ್ಕೋತೀನಿ."

ಡಿಸೆಂಬರಿನ ನಂತರ ಆ ಸೀಟಿನಲ್ಲಿ ಕೂತಿರಲಿಲ್ಲ. ಹಿಂದಿನ ಅಂಗಳದಲ್ಲಿ ಒಂದು ಸುತ್ತು. ಉಬ್ಬಿನ ಮೇಲೆ ಚಕ್ರ ಏರಿತು, ಚೆಂಡಿನವನು ಬಂದ.

"ಹತ್ತಿತು ಮೇಡಂ! ಇಳೀರಿ ನೋಡೋಣ."

ಇಳಿದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ, ಒಬ್ಬನೇ ಸುತ್ತು ಹೊಡೆದ. ಇಲ್ಲ. ನಾನು ಮತ್ತೆ ಕೂತೆ. ದೀಪ ಇದೆ. ಮೂರು ಸಲ ಹತ್ತಿಸಿ ಇಳಿಸಿ ನೋಡಿದ. ಆಮೇಲೆ ಕೌಂಟರಿಗೆ ಬಂದು ನಗುನಗುತ್ತ ಕೂತ.

"ಸಾರ್ ಹೇಳಿದ್ದು ನಿಜಾನೇ ಆಯ್ತಲ್ಲ! ಮೇಡಂ, ಮನೇಲಿ ಈಗ ಎಷ್ಟು ಜನ ಇದ್ದೀರಿ?"

"ಒಬ್ಳೇ."

"ಹಾಗಾದ್ರೆ ಪ್ರಾಬ್ಲಮ್ಮೇ ಇಲ್ಲ! ಪಕ್ಕದಲ್ಲಿ ಹೇಗೂ ಯಾರೂ ಕೂರಲ್ಲ. ನಾನು ಮೆಮೊರಿ ಅಳಿಸಿಕೊಡ್ತೀನಿ. ತಪಾಸಣೆಗೆ ಒಬ್ರೇ ಹೋಗಿ ಬನ್ನಿ, ಪಾಸು. ಸುಮ್ನೆ ಯಾಕೆ ಖರ್ಚು?"

ಕೆಟ್ಟವನಲ್ಲ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದ. ನಾನು ಎದ್ದು ನಿಂತೆ ಅನ್ನುವುದು ಕುರ್ಚಿ ಹಿಂದಕ್ಕೆ ಬಿದ್ದಾಗ ಗೊತ್ತಾಯಿತು. ಪೂರ್ತಿ ನೆನಪಿಲ್ಲ, ನೆನಪಿದ್ದಷ್ಟು ಬರೆಯುತ್ತೇನೆ.

"ಅಲ್ಲಿ ಯಾರು ಕೂರ್ತಾರೆ, ಯಾರು ಕೂರಲ್ಲ ಅಂತ ನೀವು ಹೇಳ್ಬೇಡಿ. ಕೂತವರ ಜೀವ ಉಳೀಲಿ ಅಂತ ತಾನೆ ಆ ಏರ್‌ಬ್ಯಾಗ್ ಇಟ್ಟಿರೋದು? ಆರು ತಿಂಗಳು ನಾನು ಕೆಟ್ಟ ಏರ್‌ಬ್ಯಾಗಿನ ಮುಂದೆ ಕೂತು ಓಡಾಡಿದೀನಿ. ಅದಕ್ಕೇ ನಮ್ಮವರು ಇಲ್ಲಿಗೆ ಮೂರು ಸಲ ಬಂದ್ರು. ನಗ್ತಾ ಹೇಳಿದ್ರು, ನೀವು ನಗ್ತಾ ಬರ್ಕೊಂಡ್ರಿ. ಒಬ್ಬರಾದ್ರೂ ಪಕ್ಕದಲ್ಲಿ ಕೂತು ನೋಡಿದ್ರಾ? ಹೊಸ ಕಾರ್ಡ್ ತೆಗೀರಿ. ನಾನು ಹೇಳ್ತೀನಿ, ಹಾಗೇ ಬರೀರಿ. ಪಕ್ಕದ ಸೀಟಿನಲ್ಲಿ ಭಾರ ಬಿದ್ದರೆ ಏರ್‌ಬ್ಯಾಗಿನ ದೀಪ ಹತ್ತುತ್ತದೆ. ಜೂನ್‌ನಿಂದ ಹತ್ತುತ್ತಿದೆ. ಆಗ ವಾರಂಟಿ ಇತ್ತು. ಮೂರು ಸಲ ತಿಳಿಸಿದೆ. ಸರಿಮಾಡಿಲ್ಲ. ಬರೆದ್ರಾ? ಓದಿ."

ಓದಿದ. 'ಸರಿಮಾಡಿಲ್ಲ' ಬಿಟ್ಟುಹೋಗಿತ್ತು. ಬರೆಸಿದೆ. ಸಹಿ ಹಾಕಿದೆ.

ದಿಂಬಿನ ಮೇಲಿಂದ ಮೇಷ್ಟ್ರು ಅಂದರು: "ನಂದನ್ನೂ ಹಾಗೇ ಬರ್ಕೊಳ್ಳಪ್ಪ. ಈ ಅಮ್ಮನ ಹತ್ರಾನೇ ಹೇಳಿಸ್ತೀನಿ."

ಮಾರ್ಚ್ 25, ಬುಧವಾರ

ಆರು ಪರದೆ ಮುಗಿಸಿದೆ. ಸಂಜೆ ನಾದಿನಿಯ ಫೋನು. ಮೇಲಿನ ರೂಮಿಗೆ ಹೊಸ ಫ್ಯಾನು ಹಾಕಿಸಲೇ ಎಂದು ಕೇಳಿದಳು.

"ಬೇಡ ಕಣೇ. ಆ ಸೈಕಲ್ಲು ಎಷ್ಟು ವರ್ಷದಿಂದ ಅಲ್ಲಿ ನೆಮ್ಮದಿಯಾಗಿದೆ. ನಾನು ಬಂದು ಅದಕ್ಕೆ ಯಾಕೆ ತೊಂದ್ರೆ ಕೊಡ್ಲಿ?"

ಅವಳು ಕಿಸಕ್ಕನೆ ನಕ್ಕಳು. "ಅತ್ತಿಗೆ, ನೀವೇನಾ ಮಾತಾಡ್ತಿರೋದು?"

"ಕಾರು ಮಾರೋದಿಲ್ಲ. ಬರೋದೂ ಇಲ್ಲ. ಭಾನುವಾರ ನೀನೇ ಬಾ. ಹೊಸ ಪರದೆಗೆ ಕೊಂಡಿ ಪೋಣಿಸೋದಿದೆ, ಎರಡು ಕೈ ಬೇಕು."

ಬರುತ್ತಾಳಂತೆ.

ಮಾರ್ಚ್ 27, ಶುಕ್ರವಾರ

ಷರತ್ತಿನ ಹಾಳೆಯ ಪ್ರಕಾರ ಅವರ ಖರ್ಚಿನಲ್ಲೇ ಮಾಡಬೇಕೆಂದು ಮೇಲಿನವರು ಒಪ್ಪಿದರಂತೆ. ಪೆಟ್ಟಿಗೆಯ ದುಡ್ಡೂ ವಾಪಸು. ಹಿರಿಯ ಮೆಕ್ಯಾನಿಕ್ಕು ಸೀಟನ್ನು ಬಿಚ್ಚಿ ಹೊರಗಿಟ್ಟ. ಸೀಟಿನ ಅಡಿಯಲ್ಲಿ ಒಂದು ಹಳದಿ ವೈರು. ಯಾರಾದರೂ ಕೂತರೆ ಕಬ್ಬಿಣದ ಪಟ್ಟಿ ಬಗ್ಗಿ ಅದನ್ನು ಒತ್ತಿ ಒತ್ತಿ ಮೇಲಿನ ಸಿಪ್ಪೆ ಸವೆದಿತ್ತು.

"ಇಷ್ಟೇನಾ?" ಅಂದೆ.

"ಇಷ್ಟೇ ಅಮ್ಮ. ಒಬ್ರು ಕೂತು, ಇನ್ನೊಬ್ರು ಬಗ್ಗಿ ನೋಡಿದ್ರೆ ಅವತ್ತೇ ಕಾಣೋದು."

ಅರ್ಧ ಗಂಟೆಯಲ್ಲಿ ಹೊಸ ವೈರು ಹಾಕಿ, ಪಟ್ಟಿಯಿಂದ ದೂರ ಬಿಗಿದು ಕಟ್ಟಿದ. ಅಚ್ಚುಕಟ್ಟಾದ ಕೆಲಸ.

ತಪಾಸಣೆಯ ಕೇಂದ್ರ ಎರಡು ರಸ್ತೆ ಆಚೆ. ಟೈ ತಾನೇ ಕರೆದುಕೊಂಡು ಹೋಗುತ್ತೇನೆಂದ. ಅವನು ಓಡಿಸಿದ, ನಾನು ಪಕ್ಕದಲ್ಲಿ. ತಪಾಸಣೆಯವರು ತಂತಿ ಸಿಕ್ಕಿಸಿದರು, ಇಬ್ಬರೂ ಕೂತಿರುವಾಗಲೇ ಓದಿದರು, ಚೀಟಿ ಅಂಟಿಸಿದರು. ಪಾಸು.

ವಾಪಸು ಬರುವಾಗ ಟೈ ಅಂದ: "ಅಕ್ಟೋಬರ್ ಕಾರ್ಡ್ ಬರೆದಿದ್ದು ನಾನೇ ಮೇಡಂ. ಸಾರ್ ಬಂದ್ರೆ ನಮಗೆಲ್ಲ ಖುಷಿ ಆಗೋದು. ಅವರು ಸರಿಯಾಗೇ ಹೇಳಿದ್ರು."

"ಸರಿಯಾಗೇ ಹೇಳಿದ್ರು. ಕೇಳಿಸಿಕೊಂಡವರು ಸರಿ ಇರ್ಲಿಲ್ಲ. ನೀವೊಬ್ರೇ ಅಲ್ಲ ಬಿಡಿ."

ಗೇಟು ಬಂತು. ಒಳಗೆ ತಿರುಗಿಸಲು ಇಂಡಿಕೇಟರ್ ಹಾಕಿದ.

"ಇನ್ನೊಂದು ಸುತ್ತು ಹೋಗೋಣಪ್ಪ," ಅಂದೆ.

"ಯಾಕೆ ಮೇಡಂ, ಏನಾದ್ರೂ ಸದ್ದು ಬರ್ತಿದ್ಯಾ?"

"ಸದ್ದೇನಿಲ್ಲ. ನನಗೆ ಅಳು ಬರ್ತಿದೆ. ಸ್ವಲ್ಪ ಹೊತ್ತು ಹೀಗೇ ಕೂತಿರ್ಬೇಕು."

ಅವನು ನಗಲಿಲ್ಲ. ಇಂಡಿಕೇಟರ್ ಆರಿಸಿ, ನನ್ನ ಕಡೆಯ ಗಾಜನ್ನು ಮೇಲಕ್ಕೇರಿಸಿ, ಗೇಟು ದಾಟಿ ನೇರಕ್ಕೆ ಓಡಿಸಿದ.